‘ಇನ್ನೊಂದು ಸಲ ಆ ಮೆಷಿನ್‌ಗೆ ಹಾಕಿಸಬೇಡಿ’ ಎಂದು ಅಪ್ಪ ಹೇಳಿದಾಗ

ಪ್ರಶ್ನೆ: ನಾವು ಸಕಲೇಶಪುರ ತಾಲ್ಲೂಕಿನವರು. ಸಣ್ಣ ಕಾಫಿ ತೋಟ ಇದೆ. ಅಪ್ಪನಿಗೆ 78 ವರ್ಷ. ಬಹಳ ವರ್ಷ ಬೀಡಿ ಸೇದಿದವರು, ಈಗ ಸಿಒಪಿಡಿ ಎಂಬ ಶ್ವಾಸಕೋಶದ ಕಾಯಿಲೆ. ಮನೆಯಲ್ಲೇ ಆಕ್ಸಿಜನ್ ಮೆಷಿನ್ ಇಟ್ಟಿದ್ದೇವೆ. ಕಳೆದ ಮಳೆಗಾಲದಲ್ಲಿ ಉಸಿರು ಕಟ್ಟಿ 11 ದಿನ ಐಸಿಯುನಲ್ಲಿದ್ದರು, ಅದರಲ್ಲಿ 6 ದಿನ ವೆಂಟಿಲೇಟರ್. ಬದುಕಿ ಬಂದರು. ಆದರೆ ಮನೆಗೆ ಬಂದಾಗಿನಿಂದ ಒಂದೇ ಮಾತು: ‘ಇನ್ನೊಂದು ಸಲ ಆ ಮೆಷಿನ್‌ಗೆ ಹಾಕಿಸಬೇಡಿ, ನನ್ನ ಪಾಡಿಗೆ ಬಿಡಿ.’ ಬೆಂಗಳೂರಿನಲ್ಲಿರುವ ಅಣ್ಣನಿಗೆ ಹೇಳಿದರೆ, ‘ಅಪ್ಪನ್ನ ಕೈಯಾರೆ ಸಾಯಿಸ್ತೀಯಾ?’ ಅಂದ. ಲಿವಿಂಗ್ ವಿಲ್ ಬರೆಸಬಹುದು ಎಂದು ಯಾರೋ ಹೇಳಿದರು. ಇದು ಕಾನೂನಿನಲ್ಲಿ ಇದೆಯಾ? ಪಾಪ ಅಲ್ವಾ? ಮನೆಯಲ್ಲೇ ಜೀವ ಹೋದರೆ ಪೊಲೀಸು, ಪೋಸ್ಟ್‌ಮಾರ್ಟಂ ಅಂತ ತೊಂದರೆ ಆಗುತ್ತಾ?

ಉತ್ತರ:

ಮೊದಲು ಅಣ್ಣನ ಮಾತಿಗೇ ಬರುತ್ತೇನೆ. ನೀವು ಕಾನೂನು ಕೇಳಿದ್ದೀರಿ, ಆದರೆ ನಿಮ್ಮ ನಿದ್ದೆ ಕೆಡಿಸಿರುವುದು ಆ ಒಂದು ಮಾತು ಎಂದು ಪತ್ರ ಓದಿದರೆ ಗೊತ್ತಾಗುತ್ತದೆ.

ನೀವು ಅಪ್ಪನನ್ನು ಸಾಯಿಸುತ್ತಿಲ್ಲ. ಈ ಕಾಯಿಲೆಯಲ್ಲಿ ಶ್ವಾಸಕೋಶ ಸವೆಯುತ್ತಾ ಹೋಗುತ್ತದೆ. ಸವೆದದ್ದು ಮತ್ತೆ ಚಿಗುರುವುದಿಲ್ಲ. ಔಷಧಿ, ಪಂಪು, ಆಕ್ಸಿಜನ್ ಎಲ್ಲವೂ ಉಳಿದಿರುವುದನ್ನು ಕಾಪಾಡುವ ಕೆಲಸ ಮಾಡುತ್ತವೆ ಅಷ್ಟೆ. ಒಂದು ದಿನ ಅಪ್ಪನ ಜೀವ ತೆಗೆಯುವುದು ಈ ಕಾಯಿಲೆಯೇ ಹೊರತು ನೀವಲ್ಲ. ಇನ್ನೊಂದು ಮುಖ್ಯ ವಿಷಯ. ತೀರ್ಮಾನವೂ ನಿಮ್ಮದಲ್ಲ, ಅಣ್ಣನದೂ ಅಲ್ಲ. ಅಪ್ಪನದು. ಅವರಿಗೆ ಬುದ್ಧಿ ಸ್ಥಿಮಿತದಲ್ಲಿದೆ. ಆ ಮೆಷಿನ್ ಏನೆಂದು ನಮ್ಮೆಲ್ಲರಿಗಿಂತ ಚೆನ್ನಾಗಿ ಅವರಿಗೇ ಗೊತ್ತು, ಏಕೆಂದರೆ 6 ದಿನ ಅದರ ಮೇಲೆ ಮಲಗಿದ್ದವರು ಅವರು. ನೀವು ಅವರ ಮಾತನ್ನು ಹೊತ್ತು ತಲುಪಿಸುವವರು ಮಾತ್ರ.

ನಾನು ಈ ಮಾತನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ಹಾಸನದ ಸುತ್ತಮುತ್ತ 30 ವರ್ಷದಿಂದ ವೈದ್ಯನಾಗಿದ್ದೇನೆ. ಆದರೂ ನಮ್ಮ ಅವ್ವನನ್ನು ಮಾತ್ರ ನಾನು ಕೇಳಲಿಲ್ಲ. ಕಿಡ್ನಿ ಕೈಕೊಟ್ಟಿತ್ತು, ಮೇಲೆ ಪಾರ್ಶ್ವವಾಯು ಹೊಡೆಯಿತು. ಊರಿನಿಂದ ದೂರದ ಒಂದು ದೊಡ್ಡ ಆಸ್ಪತ್ರೆಗೆ ಸೇರಿಸಿದೆವು. ಗಂಟಲಿಗೆ ಟ್ಯೂಬ್, ಮೂಗಿಗೆ ಟ್ಯೂಬ್, ಡಯಾಲಿಸಿಸ್. ಮೂರನೇ ದಿನ ಕೈ ಊದಿಕೊಂಡಿತು. ನರ್ಸಮ್ಮ ಅವ್ವನ ಹಸಿರು ಬಳೆಗಳನ್ನು ಒಂದೊಂದಾಗಿ ಒಡೆದು, ಚೂರುಗಳನ್ನು ಔಷಧಿ ಕವರಿನಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು. ಟ್ಯೂಬ್ ಕಿತ್ತುಕೊಳ್ಳುತ್ತಾರೆ ಎಂದು ಎರಡೂ ಮಣಿಕಟ್ಟನ್ನು ಬ್ಯಾಂಡೇಜ್ ಬಟ್ಟೆಯಿಂದ ಮಂಚದ ಕಂಬಿಗೆ ಕಟ್ಟಿದ್ದರು. 14ನೇ ದಿನ ಅವ್ವ ಹೋದರು. ಆ ಆಸ್ಪತ್ರೆಯವರ ತಪ್ಪು ಏನೂ ಇಲ್ಲ, ನಾನು ಹೇಳಿದ್ದನ್ನೇ ಮಾಡಿದರು. ಅವ್ವನಿಗೆ ಏನು ಬೇಕಿತ್ತು ಎಂದು ನನಗೆ ಗೊತ್ತಿರಲಿಲ್ಲ. ಕೇಳುವ ಕಾಲದಲ್ಲಿ ಕೇಳಿರಲಿಲ್ಲ. ನಿಮ್ಮ ಅಪ್ಪ ನೀವು ಕೇಳದೆಯೇ ಹೇಳಿದ್ದಾರೆ. ಅದು ನಿಮಗೆ ದೊಡ್ಡ ಆಸರೆ.

ಈಗ ಕಾನೂನು. ಹೌದು, ಇದೆ. ಚೆನ್ನಾಗಿಯೇ ಇದೆ.

ಇದರ ಹಿಂದೆ ಒಬ್ಬ ಕನ್ನಡದ ಹೆಣ್ಣುಮಗಳ ಕಥೆ ಇದೆ. ಉತ್ತರ ಕನ್ನಡದ ಹಳದೀಪುರದಲ್ಲಿ ಹುಟ್ಟಿದ ಅರುಣಾ ಶಾನಭಾಗ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರ್‌ನಲ್ಲಿ ಅಲ್ಲೇ ಅವರ ಮೇಲೆ ಅತ್ಯಾಚಾರ ನಡೆಯಿತು. ಮೆದುಳಿಗೆ ಪೆಟ್ಟಾಗಿ ಹಾಸಿಗೆ ಹಿಡಿದವರು 2015ರ ಮೇ ತಿಂಗಳಲ್ಲಿ ತೀರಿಕೊಳ್ಳುವವರೆಗೂ ಅದೇ ಆಸ್ಪತ್ರೆಯಲ್ಲಿ ಇದ್ದರು. ಅವರನ್ನು ಹೀಗೆ ಉಳಿಸುವುದು ನಿಲ್ಲಿಸಿ ಎಂದು ಹೊರಗಿನವರೊಬ್ಬರು ಕೋರ್ಟಿಗೆ ಹೋದರು. ದಿನಾ ಮೈ ಒರೆಸಿ, ಊಟ ಮಾಡಿಸುತ್ತಿದ್ದ ನರ್ಸ್‌ಗಳು ಬೇಡವೇ ಬೇಡ ಎಂದರು. 2011ರ ಮಾರ್ಚ್ 7ರಂದು ಸುಪ್ರೀಂ ಕೋರ್ಟ್ ಆ ಅರ್ಜಿಯನ್ನು ಒಪ್ಪಲಿಲ್ಲ. ಆದರೆ ಬೇರೆಯವರ ವಿಷಯದಲ್ಲಿ, ಹೈಕೋರ್ಟಿನ ಅನುಮತಿ ಪಡೆದು, ಜೀವ ಹಿಡಿದಿಡುವ ಚಿಕಿತ್ಸೆಯನ್ನು ನಿಲ್ಲಿಸಬಹುದು ಎಂದಿತು. ಬಾಗಿಲು ಮೊದಲ ಸಲ ತೆರೆದದ್ದು ಆಗ.

2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಪೀಠ ಇನ್ನೂ ಮುಂದೆ ಹೋಯಿತು. ಘನತೆಯಿಂದ ಸಾಯುವುದೂ ಸಂವಿಧಾನದ 21ನೇ ವಿಧಿಯಲ್ಲಿ ಹೇಳಿದ ಬದುಕುವ ಹಕ್ಕಿನೊಳಗೇ ಬರುತ್ತದೆ ಎಂದು ತೀರ್ಪು ಕೊಟ್ಟಿತು. ನಾಳೆ ನನಗೆ ಮಾತಾಡಲು ಆಗದಿದ್ದರೆ ಇಂಥ ಚಿಕಿತ್ಸೆ ಬೇಡ ಎಂದು ಇವತ್ತೇ ಬರೆದಿಡಬಹುದು ಎಂದು ಹೇಳಿತು. ಅದಕ್ಕೇ ಮುಂಗಡ ವೈದ್ಯಕೀಯ ನಿರ್ದೇಶನ ಎನ್ನುವುದು. ಜನರ ಬಾಯಲ್ಲಿ ಲಿವಿಂಗ್ ವಿಲ್. ಆದರೆ ಮೊದಲ ನಿಯಮಗಳು ಬಹಳ ಬಿಗಿಯಾಗಿದ್ದವು, ಮ್ಯಾಜಿಸ್ಟ್ರೇಟ್ ಸಹಿಯೇ ಬೇಕಿತ್ತು. ತೋಟದ ಮನೆಯಲ್ಲಿ ಆಕ್ಸಿಜನ್ ಮೇಲಿರುವ ಮುದುಕರನ್ನು ಕೋರ್ಟಿಗೆ ಕರೆದೊಯ್ಯುವವರು ಯಾರು? 2023ರ ಜನವರಿ 24ರಂದು ಸುಪ್ರೀಂ ಕೋರ್ಟೇ ಅದನ್ನು ಸಡಿಲ ಮಾಡಿತು. 2025ರ ಜನವರಿ 30ರಂದು ನಮ್ಮ ರಾಜ್ಯದ ಆರೋಗ್ಯ ಇಲಾಖೆ ಇದನ್ನು ಆಸ್ಪತ್ರೆಗಳಲ್ಲಿ ಜಾರಿಗೆ ತರಲು ಆದೇಶ ಹೊರಡಿಸಿತು. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಘನತೆಯ ಸಾವಿಗಾಗಿ ವರ್ಷಗಟ್ಟಲೆ ಹೋರಾಡಿದ್ದನ್ನು ನೀವು ಪೇಪರಿನಲ್ಲಿ ಓದಿರಬಹುದು. ಆ ತಾಯಿಯ ಹಟವನ್ನು ನಾನು ಗೌರವದಿಂದ ನೆನೆಯುತ್ತೇನೆ.

ದಯಾಮರಣ ಎಂಬ ಪದ ಕೇಳಿಯೇ ಅಣ್ಣ ಬೆಚ್ಚಿರಬಹುದು. ಇಂಜೆಕ್ಷನ್ ಕೊಟ್ಟು ಜೀವ ತೆಗೆಯುವುದು ನಮ್ಮ ದೇಶದಲ್ಲಿ ಅಪರಾಧ. ಅಪ್ಪನೇ ಕೈಮುಗಿದು ಕೇಳಿದರೂ ಯಾವ ಡಾಕ್ಟರೂ ಮಾಡುವಂತಿಲ್ಲ, ಯಾವ ಪತ್ರದಲ್ಲಿ ಬರೆದರೂ ನಡೆಯುವುದಿಲ್ಲ. ಇಲ್ಲಿ ಮಾತು ಬೇರೆ. ಗುಣ ಆಗುವ ದಾರಿ ಮುಗಿದ ಮೇಲೂ ಸಾವನ್ನು ಎಳೆದು ಎಳೆದು ಉದ್ದ ಮಾಡುವ ಮೆಷಿನ್ ಬೇಡ ಎನ್ನುವುದು ಇದು. ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಪ್ರಶ್ನೆಯೂ ಬರುತ್ತದೆ: ‘ಇದು ಶ್ರವಣಬೆಳಗೊಳದ ಸಲ್ಲೇಖನದ ಹಾಗಾ ಡಾಕ್ಟರೇ?’ ಅಲ್ಲ. ಚಂದ್ರಗಿರಿಯ ಬಂಡೆಗಳ ಮೇಲೆ ಸಾವಿರ ವರ್ಷಕ್ಕೂ ಹಳೆಯ ಸಲ್ಲೇಖನದ ಶಾಸನಗಳಿವೆ. ಅದು ಜೈನರ ವ್ರತ, ಆಹಾರವನ್ನು ತಾವಾಗಿ ಬಿಡುತ್ತಾ ಹೋಗುವ ದಾರಿ. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಅದನ್ನು ಆತ್ಮಹತ್ಯೆ ಎಂದಿತ್ತು, ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ನಿಮ್ಮ ಅಪ್ಪ ವ್ರತ ಹಿಡಿಯುತ್ತಿಲ್ಲ. ಊಟ, ಔಷಧಿ, ಆರೈಕೆ ಯಾವುದನ್ನೂ ಬಿಡುತ್ತಿಲ್ಲ. ಒಂದು ಮೆಷಿನ್ ಬೇಡ ಎನ್ನುತ್ತಿದ್ದಾರೆ.

ಪಾಪ ಅಲ್ವಾ ಎಂದು ಕೇಳಿದ್ದೀರಿ. ನಾನು ಧರ್ಮಶಾಸ್ತ್ರ ಓದಿದವನಲ್ಲ. ಆದರೆ ನಮ್ಮ ಹಳ್ಳಿಯ ಹಿರಿಯರು ದೇವರ ಮುಂದೆ ನಿಂತು ಬೇಡುವುದೇನು? ‘ನರಳಿಸದೆ, ಯಾರ ಕೈಲೂ ಎತ್ತಿಸಿಕೊಳ್ಳದ ಹಾಗೆ ಕರಕೊಂಡು ಹೋಗಪ್ಪಾ.’ ಇದನ್ನು ಬೇಡಿದವರನ್ನು ಪಾಪಿ ಎಂದು ಯಾರೂ ಅಂದಿಲ್ಲ. ನಿಮ್ಮ ಅಪ್ಪ ಅದೇ ಮಾತನ್ನು ದೇವರ ಬದಲು ಮಗನಿಗೆ ಹೇಳಿದ್ದಾರೆ.

ಆದರೆ ಇಲ್ಲಿ ಸ್ವಲ್ಪ ನಿಲ್ಲಬೇಕು. ‘ಆ ಮೆಷಿನ್’ ಎಂದರೆ ಅಪ್ಪನ ಮನಸ್ಸಿನಲ್ಲಿ ಯಾವ ಮೆಷಿನ್ ಎಂದು ಕೇಳಿದ್ದೀರಾ? ಇದು ಸಣ್ಣ ಪ್ರಶ್ನೆ ಅಲ್ಲ. ಸಿಒಪಿಡಿ ಉಲ್ಬಣಿಸಿದಾಗ ಮುಖಕ್ಕೆ ಮಾಸ್ಕ್ ಕಟ್ಟಿ ಗಾಳಿ ಒತ್ತುವ ಬೈಪ್ಯಾಪ್ ಎಂಬ ಮೆಷಿನ್ ಇದೆ. ಗಂಟಲಿಗೆ ಟ್ಯೂಬ್ ಇಳಿಸುವುದಿಲ್ಲ, ಮಧ್ಯೆ ಮಧ್ಯೆ ತೆಗೆದು ನೀರು ಕುಡಿಸಬಹುದು, ಮಾತಾಡಿಸಬಹುದು. ಈ ಕಾಯಿಲೆಗೆ ಅದು ಬಹಳ ಚೆನ್ನಾಗಿ ಕೆಲಸ ಮಾಡುತ್ತದೆ. ಎರಡು ಮೂರು ದಿನ ಹಾಕಿ ಮನೆಗೆ ಬಂದವರನ್ನು ಎಷ್ಟೋ ಜನರನ್ನು ನೋಡಿದ್ದೇನೆ. ಅಪ್ಪನಿಗೆ ಅದೂ ಬೇಡವೋ, ಅಥವಾ ಗಂಟಲಿಗೆ ಟ್ಯೂಬ್ ಹಾಕುವ ವೆಂಟಿಲೇಟರ್ ಮಾತ್ರ ಬೇಡವೋ? ಗಂಟಲಲ್ಲಿ ತೂತು ಮಾಡುವ ಟ್ರಕಿಯೋಸ್ಟಮಿ? ಎದೆ ಬಡಿತ ನಿಂತರೆ ಎದೆ ಒತ್ತುವುದು? 78ರ ಮೂಳೆಯ ಮೇಲೆ ಅಷ್ಟು ಜೋರಾಗಿ ಒತ್ತಿದರೆ ಪಕ್ಕೆಲುಬು ಮುರಿಯುವುದು ಸಾಮಾನ್ಯ. ಇಷ್ಟು ಮುಂದುವರಿದ ಶ್ವಾಸಕೋಶದ ಕಾಯಿಲೆ ಇರುವವರು ಅದರಿಂದ ಎದ್ದು ಮನೆಗೆ ಬರುವುದು ಬಹಳ ಅಪರೂಪ. ಇದನ್ನೆಲ್ಲ ಅವರ ಶ್ವಾಸಕೋಶದ ಡಾಕ್ಟರ ಎದುರು ಕೂತು, ಅಪ್ಪನಿಗೆ ಅರ್ಥ ಆಗುವ ಮಾತಿನಲ್ಲಿ ಕೇಳಿ.

ಇನ್ನೊಂದು ದಾರಿ ನನಗೆ ತುಂಬಾ ಇಷ್ಟ. ‘ಮೂರು ನಾಲ್ಕು ದಿನ ನೋಡಿ. ಚೇತರಿಸಿಕೊಂಡರೆ ಸರಿ. ಇಲ್ಲದಿದ್ದರೆ ತೆಗೆಯಿರಿ’ ಎಂದೂ ಹೇಳಬಹುದು. ಹಾಕಿದ ಮೆಷಿನ್ ತೆಗೆಯುವುದು ಕೊಲೆಯ ಹಾಗೆ, ಹಾಕದೇ ಇರುವುದು ಮಾತ್ರ ಸರಿ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಕೆಲವು ಡಾಕ್ಟರುಗಳೂ ಹಾಗೇ ಅಂದುಕೊಂಡಿದ್ದಾರೆ. ತೆಗೆಯುವ ಕೈಗೆ ಸಂಕಟ ಜಾಸ್ತಿ, ನಿಜ. ಆದರೆ ನ್ಯಾಯದಲ್ಲೂ ವೈದ್ಯ ಧರ್ಮದಲ್ಲೂ ಎರಡೂ ಒಂದೇ. ಶುರು ಮಾಡಿದ್ದನ್ನು ನಿಲ್ಲಿಸಲೇಬಾರದು ಎಂದರೆ ಜನ ಶುರು ಮಾಡುವುದಕ್ಕೇ ಹೆದರುತ್ತಾರೆ. ಬದುಕಬಹುದಾದವರೂ ಆಗ ಹೋಗಿಬಿಡುತ್ತಾರೆ.

ಇನ್ನು ಬರೆಯುವುದು ಹೇಗೆ ಎಂಬ ವಿಷಯ. ಕನ್ನಡದಲ್ಲೇ ಬರೆಯಿರಿ. ಇಂಗ್ಲಿಷ್‌ನಲ್ಲೇ ಇರಬೇಕೆಂದು ಎಲ್ಲೂ ಇಲ್ಲ. ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಣಿ ಮಾಡಿಸುವ ಅಗತ್ಯವೂ ಇಲ್ಲ. ಅಪ್ಪನ ಮಾತಿನಲ್ಲೇ ಇದ್ದರೆ ಒಳ್ಳೆಯದು. ಹೀಗೆ ಇರಬಹುದು:

‘ನನಗೆ 78 ವರ್ಷ. ನನ್ನ ಕಾಯಿಲೆ ಏನೆಂದು ಡಾಕ್ಟರು ನನಗೆ ತಿಳಿಸಿ ಹೇಳಿದ್ದಾರೆ. ಯಾರ ಒತ್ತಾಯವೂ ಇಲ್ಲದೆ, ಸ್ವಂತ ಬುದ್ಧಿಯಿಂದ ಇದನ್ನು ಬರೆಸಿದ್ದೇನೆ. ಇದರ ಪರಿಣಾಮ ಏನೆಂದು ನನಗೆ ಗೊತ್ತಿದೆ. ಕಾಯಿಲೆ ಗುಣ ಆಗುವ ಆಸೆ ಇಲ್ಲ ಎಂದು ಡಾಕ್ಟರು ಹೇಳಿದ ಮೇಲೆ, ಮತ್ತು ನನಗೆ ಮಾತಾಡಿ ತಿಳಿಸುವ ಶಕ್ತಿ ಇಲ್ಲದಿದ್ದರೆ, ಗಂಟಲಿಗೆ ಟ್ಯೂಬ್ ಹಾಕಿ ವೆಂಟಿಲೇಟರ್‌ಗೆ ಹಾಕಬೇಡಿ. ಹಾಕಿದ್ದರೆ ತೆಗೆಯಿರಿ. ಎದೆ ಬಡಿತ ನಿಂತರೆ ಎದೆ ಒತ್ತಬೇಡಿ. ಮಾಸ್ಕ್, ಆಕ್ಸಿಜನ್, ನೋವಿನ ಮತ್ತು ಉಸಿರಾಟದ ಔಷಧಿ ಕೊಡಿ. ಆದರೆ ಮನೆಯಲ್ಲೇ ಇರಲು ಬಿಡಿ. ನನ್ನ ಪರವಾಗಿ ಮಾತಾಡುವವರು ನನ್ನ ಇಬ್ಬರು ಗಂಡು ಮಕ್ಕಳು. ಈ ಪತ್ರವನ್ನು ನಾನು ಯಾವಾಗ ಬೇಕಾದರೂ ರದ್ದು ಮಾಡಬಹುದು.’

ಇದರಲ್ಲಿ ಕೋರ್ಟ್ ಕೇಳುವ ವಿಷಯಗಳೆಲ್ಲ ಬಂದಿವೆ. ಹೆಸರು, ವಿಳಾಸ, ತಾರೀಕು ಸೇರಿಸಿ. ಇಬ್ಬರು ಸಾಕ್ಷಿಗಳ ಎದುರು ಅಪ್ಪ ಸಹಿ ಹಾಕಬೇಕು. ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಅದನ್ನು ದೃಢೀಕರಿಸಬೇಕು. ಅಪ್ಪನಿಗೆ ಓಡಾಡಲು ಆಗದಿದ್ದರೆ ನೋಟರಿಯನ್ನೇ ಮನೆಗೆ ಕರೆಸಿ. ಸಾಕ್ಷಿಗಳು ಆದಷ್ಟು ಮನೆಯವರಲ್ಲದವರಾಗಿರಲಿ. ಇದನ್ನು ಕೋರ್ಟೂ ಹೇಳಿದೆ, ನಾನೂ ಹೇಳುತ್ತೇನೆ. ತೋಟದಲ್ಲಿ ಪಾಲು ಬರುವವರು ಸಾಕ್ಷಿ ಹಾಕಿದರೆ ನಾಳೆ ಮಾತು ಬರುತ್ತದೆ. ಪಕ್ಕದ ತೋಟದವರು, ಅಪ್ಪನ ಹಳೆಯ ಸ್ನೇಹಿತರು, ಊರಿನ ಮೇಷ್ಟ್ರು, ಇಂಥವರು ಸಾಕು. ಅಪ್ಪನ ಪರವಾಗಿ ಮಾತಾಡುವವರ ಜಾಗದಲ್ಲಿ ನಿಮ್ಮ ಒಬ್ಬರ ಹೆಸರೇ ಬೇಡ. ಅಣ್ಣನ ಹೆಸರನ್ನೂ ಹಾಕಿಸಿ. ಯಾಕೆ ಎಂದು ಮುಂದೆ ಹೇಳುತ್ತೇನೆ.

ಪತ್ರದ ಪ್ರತಿ ಅಪ್ಪ ಹೆಸರಿಸಿದ ಇಬ್ಬರಿಗೂ ಹೋಗಬೇಕು, ಮನೆಯ ಡಾಕ್ಟರಿಗೆ ಹೋಗಬೇಕು. ಒಂದು ಪ್ರತಿ ನಿಮ್ಮ ಗ್ರಾಮ ಪಂಚಾಯ್ತಿಗೆ. ಆಸ್ಪತ್ರೆಯವರು ಪತ್ರ ನಿಜವೇ ಎಂದು ವಿಚಾರಿಸಿಕೊಳ್ಳಲು ಅನುಕೂಲ ಆಗಲಿ ಎಂದು ಕೋರ್ಟ್ ಈ ವ್ಯವಸ್ಥೆ ಮಾಡಿದೆ. ‘ಇದೇನು, ಇದನ್ನು ಎಲ್ಲಿ ಇಟ್ಟುಕೊಳ್ಳಲಿ’ ಎಂದು ಪಿಡಿಒ ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ. 2023ರ ತೀರ್ಪಿನ ಬಗ್ಗೆ ಹೇಳಿ, ಮುದ್ರೆ ಹಾಕಿದ ಸ್ವೀಕೃತಿ ಇಸ್ಕೊಳ್ಳಿ. ಮಾನಸಿಕ ಆರೋಗ್ಯದ 2017ರ ಕಾಯ್ದೆಯಲ್ಲೂ ಮುಂಗಡ ನಿರ್ದೇಶನ ಎಂಬ ಹೆಸರಿನ ಪತ್ರ ಇದೆ. ಅದು ಮಾನಸಿಕ ಕಾಯಿಲೆಯ ಚಿಕಿತ್ಸೆಗೆ. ಇಂಟರ್ನೆಟ್‌ನಲ್ಲಿ ಆ ನಮೂನೆ ಸಿಕ್ಕಿದರೆ ತುಂಬಬೇಡಿ.

ಬೇಲೂರಿನ ಕಡೆಯ ಒಬ್ಬ ನಿವೃತ್ತ ನೌಕರರು ನನ್ನ ಹತ್ತಿರ ಬರುತ್ತಿದ್ದರು. ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆಸಿ, ನೋಟರಿ ಮಾಡಿಸಿ, ಬೀರುವಿನಲ್ಲಿ ಪಹಣಿ ಪತ್ರಗಳ ಜೊತೆ ಇಟ್ಟು ಬೀಗ ಹಾಕಿದ್ದರು. ಯಾರಿಗೂ ಹೇಳಿರಲಿಲ್ಲ. ಒಂದು ರಾತ್ರಿ ಕುಸಿದು ಬಿದ್ದರು. ಮಕ್ಕಳು ಗಾಬರಿಯಿಂದ ಆಸ್ಪತ್ರೆಗೆ ಹೊತ್ತೊಯ್ದರು. 19 ದಿನ ವೆಂಟಿಲೇಟರ್. ತಿಥಿ ಮುಗಿದ ಮೇಲೆ ಖಾತೆ ಬದಲಾವಣೆಗೆ ಎಂದು ಬೀರು ತೆಗೆದಾಗ ಆ ಪತ್ರ ಸಿಕ್ಕಿತು. ಅದನ್ನು ಹಿಡಿದುಕೊಂಡು ಹಿರಿಯ ಮಗಳು ನನ್ನ ಕ್ಲಿನಿಕ್‌ಗೆ ಬಂದಿದ್ದರು. ಏನೂ ಕೇಳಲಿಲ್ಲ. ಪತ್ರ ಮೇಜಿನ ಮೇಲಿಟ್ಟು ಸುಮ್ನೆ ಕೂತರು. ಹಾಗಾಗಿ ನಾನು ಎಲ್ಲರಿಗೂ ಹೇಳುವುದು, ಪತ್ರ ಬೀರುವಿನಲ್ಲಿ ಬೇಡ. ಆಸ್ಪತ್ರೆಗೆ ಹೋಗುವಾಗ ಕೈಗೆ ಸಿಗುವ ರಿಪೋರ್ಟಿನ ಫೈಲಿನಲ್ಲಿ, ಎಲ್ಲಕ್ಕಿಂತ ಮೇಲೆ ಇರಲಿ. ಮನೆಯವರೆಲ್ಲರ ಮೊಬೈಲಿನಲ್ಲಿ ಅದರ ಫೋಟೋ ಇರಲಿ.

ಇಷ್ಟೆಲ್ಲ ಮಾಡಿದ ಮೇಲೂ ಪತ್ರ ತನ್ನಷ್ಟಕ್ಕೆ ತಾನೇ ಕೆಲಸ ಮಾಡುವುದಿಲ್ಲ. ಅಪ್ಪನಿಗೆ ಪ್ರಜ್ಞೆ ಇದ್ದು ಮಾತಾಡುವವರೆಗೂ ಅವರ ಬಾಯಿ ಮಾತೇ ಕಾನೂನು. ವಯಸ್ಕ ರೋಗಿ ಬೇಡ ಎಂದ ಚಿಕಿತ್ಸೆಯನ್ನು ಬಲವಂತವಾಗಿ ಕೊಡುವಂತಿಲ್ಲ. ಪತ್ರ ಬೇಕಾಗುವುದು ಮಾತು ನಿಂತ ಮೇಲೆ, ಅದೂ ಗುಣ ಆಗುವ ಆಸೆ ಇಲ್ಲ ಎಂದಾದ ಮೇಲೆ. ಈ ಪತ್ರ ಬರೆದರೆ ಜ್ವರ ಬಂದರೂ ಆಸ್ಪತ್ರೆಯಲ್ಲಿ ನೋಡುವುದಿಲ್ಲ ಎಂಬ ಭಯ ಬೇಡ. ಆಸ್ಪತ್ರೆಯಲ್ಲಿ ಮೊದಲು ಒಂದು ಮಂಡಳಿ ಕೂರುತ್ತದೆ: ಚಿಕಿತ್ಸೆ ಕೊಡುತ್ತಿರುವ ಡಾಕ್ಟರು, ಜೊತೆಗೆ ಕನಿಷ್ಠ 5 ವರ್ಷ ಅನುಭವ ಇರುವ ಇಬ್ಬರು ತಜ್ಞರು. ಅವರು ಒಪ್ಪಿದರೆ ಎರಡನೇ ಮಂಡಳಿ. ಅದರಲ್ಲಿ ಬೇರೆ ಇಬ್ಬರು ತಜ್ಞರು ಮತ್ತು ಜಿಲ್ಲಾ ಆರೋಗ್ಯಾಧಿಕಾರಿ ನೇಮಿಸಿದ ಒಬ್ಬ ವೈದ್ಯರು ಇರುತ್ತಾರೆ. ಎರಡೂ ಮಂಡಳಿಗಳು ಸಾಧ್ಯವಾದಷ್ಟು 48 ಗಂಟೆಯೊಳಗೆ ಹೇಳಬೇಕು. ಅಪ್ಪ ಹೆಸರಿಸಿದವರ ಒಪ್ಪಿಗೆ ಬೇಕು. ಮೆಷಿನ್ ತೆಗೆಯುವ ಮೊದಲು ಆಸ್ಪತ್ರೆ ಮ್ಯಾಜಿಸ್ಟ್ರೇಟರಿಗೆ ತಿಳಿಸುತ್ತದೆ. ಅವರ ಅನುಮತಿಗೆ ಕಾಯಬೇಕಿಲ್ಲ. ಎರಡನೇ ಮಂಡಳಿ ಒಪ್ಪದಿದ್ದರೆ ಹೈಕೋರ್ಟಿಗೆ ಹೋಗುವ ದಾರಿ ಇದೆ. ಪತ್ರವೇ ಇಲ್ಲದವರಿಗೂ ಮನೆಯವರ ಒಪ್ಪಿಗೆಯ ಮೇಲೆ ಇದೇ ಕ್ರಮ ನಡೆಯುತ್ತದೆ. ಹಾಗಾಗಿ ಇದು ಯಾರೋ ಒಬ್ಬರು ಸ್ವಿಚ್ ಆರಿಸುವ ಕೆಲಸ ಅಲ್ಲ ಎಂದು ಅಣ್ಣನಿಗೆ ಹೇಳಿ.

ಆದರೆ ರಾತ್ರಿ ಎರಡು ಗಂಟೆಗೆ ಕ್ಯಾಶುವಾಲ್ಟಿಗೆ ಹೋದರೆ ಅಲ್ಲಿ ಯಾವ ಮಂಡಳಿಯೂ ಇರುವುದಿಲ್ಲ. ಡ್ಯೂಟಿಯಲ್ಲಿರುವ ಚಿಕ್ಕ ವಯಸ್ಸಿನ ಡಾಕ್ಟರು ಅಪ್ಪನನ್ನು ಮೊದಲ ಸಲ ನೋಡುತ್ತಿರುತ್ತಾರೆ. ಉಸಿರು ನಿಲ್ಲುತ್ತಿದ್ದರೆ ಟ್ಯೂಬ್ ಹಾಕುತ್ತಾರೆ, ಅದು ಅವರ ತಪ್ಪಲ್ಲ. ಅದಕ್ಕೇ ಯಾವ ಆಸ್ಪತ್ರೆಗೆ ಹೋಗುವುದು ಎಂದು ಮಳೆಗಾಲಕ್ಕೆ ಮುಂಚೆಯೇ ತೀರ್ಮಾನ ಮಾಡಿ. ಅಲ್ಲಿನ ಡಾಕ್ಟರಿಗೆ ಪತ್ರ ತೋರಿಸಿ, ಅವರ ಫೈಲಿನಲ್ಲೂ ಬರೆಸಿಡಿ. ಎದೆ ಒತ್ತುವುದು ಬೇಡ ಎಂಬುದನ್ನು ರೋಗಿ ಮತ್ತು ಮನೆಯವರ ಜೊತೆ ಮಾತಾಡಿ ದಾಖಲಿಸುವುದು ಹೇಗೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ನಿಮ್ಮ ಡಾಕ್ಟರಿಗೆ ಅದು ಗೊತ್ತಿರುತ್ತದೆ.

ನಮ್ಮ ಕಡೆ ಬಹಳ ವರ್ಷದಿಂದ ನಡೆದು ಬಂದಿರುವ ಇನ್ನೊಂದು ಪದ್ಧತಿ ಇದೆ. ದುಡ್ಡು ಮುಗಿಯುತ್ತದೆ, ಆಸೆಯೂ ಮುಗಿಯುತ್ತದೆ. ‘ನಮ್ಮ ಜವಾಬ್ದಾರಿ ಮೇಲೆ ಕರೆದುಕೊಂಡು ಹೋಗುತ್ತೇವೆ’ ಎಂದು ಬರೆದುಕೊಟ್ಟು ಹೊರಡುತ್ತಾರೆ. ಮಂಗಳೂರಿನಿಂದ ಆಂಬುಲೆನ್ಸ್ ಶಿರಾಡಿ ಘಾಟಿ ಹತ್ತುತ್ತದೆ. ಹಿಂದೆ ಕೂತ ಮೊಮ್ಮಗ ರಬ್ಬರ್ ಬ್ಯಾಗ್ ಒತ್ತುತ್ತಾ ತಾತನಿಗೆ ಉಸಿರು ಕೊಡುತ್ತಾ ಬರುತ್ತಾನೆ. ತಿರುವು ಬಂದಾಗಲೆಲ್ಲ ಅವನ ಕೈ ತಪ್ಪುತ್ತದೆ. ಮನೆ ಮುಟ್ಟಿದ ಮೇಲೆ ಅಂಗಳದಲ್ಲಿ ಟ್ಯೂಬ್ ಎಳೆಯುತ್ತಾರೆ. ಬಾಯಿಗೆ ನೀರು ಬಿಡುತ್ತಾರೆ. ಉಸಿರಿಗೆ ಒದ್ದಾಡುವವರಿಗೆ ಒಂದು ಚೂರು ಔಷಧಿ ಇಲ್ಲ, ಪಕ್ಕದಲ್ಲಿ ನರ್ಸ್ ಇಲ್ಲ. ಆ ಮೊಮ್ಮಗ ಆ ಗಂಟೆಯನ್ನು ಜೀವಮಾನವೆಲ್ಲ ಹೊತ್ತುಕೊಳ್ಳುತ್ತಾನೆ. ಇದು ನನಗೆ ಸಹಿಸಲು ಆಗದ ವಿಷಯ. ಆಸ್ಪತ್ರೆಯವರು ‘ಬರೆದುಕೊಟ್ಟು ಹೋಗಿ’ ಎಂದರೆ, ‘ಇಲ್ಲ, ಮಂಡಳಿ ಕೂರಿಸಿ, ನಿಮ್ಮ ಕೈಯಲ್ಲೇ, ಸಂಕಟ ಆಗದಂತೆ ಔಷಧಿ ಕೊಟ್ಟು ತೆಗೆಯಿರಿ’ ಎಂದು ಕೇಳುವ ಹಕ್ಕು ನಿಮಗೆ ಇದೆ. ಕೇಳಿ. ನಾಲ್ಕು ಮನೆಯವರು ಕೇಳಿದರೆ ಐದನೇ ಮನೆಗೆ ಸುಲಭ ಆಗುತ್ತದೆ.

ಒಂದು ವಿಷಯದಲ್ಲಿ ನಾನು ನಿಮ್ಮನ್ನೂ ಎಚ್ಚರಿಸಬೇಕು. ಅಪ್ಪ ಬೇಡ ಎನ್ನುತ್ತಿರುವುದು ಮೆಷಿನ್ ಹಿಂಸೆಗೋ, ಅಥವಾ ನಿಮಗೆ ಹೊರೆ ಆಗಬಾರದು ಎಂದೋ? ಕಳೆದ ಸಲದ ಬಿಲ್ಲು ಎಷ್ಟಾಯಿತು, ಯಾರ ಹತ್ತಿರ ಸಾಲ ತಂದಿರಿ, ಅವ್ವನ ಸರ ಯಾವ ಬ್ಯಾಂಕಿನಲ್ಲಿ ಅಡವಿದೆ ಎಂದು ಮುದುಕರಿಗೆ ಗೊತ್ತಾಗದೆ ಇರುತ್ತದೆಯೇ? ಬರೀ ದುಡ್ಡಿನ ಚಿಂತೆಯಿಂದ ಹೇಳುತ್ತಿದ್ದರೆ ಅದು ಅವರ ಇಷ್ಟ ಅಲ್ಲ, ಸಂಕೋಚ. ಹಾಗೆ ಬರೆಸಿದ ಪತ್ರ ಕಾನೂನಿಗೆ ಸರಿ ಇರಬಹುದು, ನ್ಯಾಯಕ್ಕೆ ಸರಿ ಇಲ್ಲ. ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಜಾಸ್ತಿ. ಬದುಕೆಲ್ಲ ‘ನನಗೇನೂ ಬೇಡ, ನೀವು ಉಣ್ಣಿ’ ಎಂದವರು ಕೊನೆಗೂ ‘ನನಗೇನೂ ಬೇಡ’ ಎಂದೇ ಬರೆಸುತ್ತಾರೆ. ಹೀಗೆ ಕೇಳಿ ನೋಡಿ: ‘ಅಪ್ಪ, ದುಡ್ಡಿನ ಮಾತು ಬಿಡು, ಅದು ಇದೆ ಅಂದ್ಕೊ. ಆಗ ಏನು ಮಾಡಿಸಲಿ?’ ಆಗಲೂ ಬೇಡ ಎಂದರೆ ಅದು ಅವರ ಮಾತು. ಒಂದೇ ದಿನ ಕೇಳಿ ಮುಗಿಸಬೇಡಿ. ಉಸಿರು ಚೆನ್ನಾಗಿರುವ ದಿನ ಒಮ್ಮೆ, ಸ್ವಲ್ಪ ದಿನ ಬಿಟ್ಟು ಇನ್ನೊಮ್ಮೆ ಕೇಳಿ.

ಅಣ್ಣನ ಬಗ್ಗೆ. ಅವರು ಕೆಟ್ಟವರಲ್ಲ. ದೂರದಲ್ಲಿರುವವರಿಗೆ ದಿನದಿನದ ಸಂಕಟ ಕಾಣುವುದಿಲ್ಲ. ಹಬ್ಬಕ್ಕೆ ಬಂದಾಗ ಜಗುಲಿಯಲ್ಲಿ ಕೂತು ನಗುವ ಅಪ್ಪ ಮಾತ್ರ ಕಾಣುತ್ತಾರೆ. ರಾತ್ರಿ ಮೂರಕ್ಕೆ ದಿಂಬಿಗೆ ಆತುಕೊಂಡು ಗಾಳಿಗೆ ಬಾಯಿ ಬಿಡುವ ಅಪ್ಪ ಕಾಣುವುದಿಲ್ಲ. ಜೊತೆಗೆ, ಹತ್ತಿರ ಇರಲಾಗಲಿಲ್ಲ ಎಂಬ ನೋವು ಇರುತ್ತದೆ. ‘ಎಲ್ಲಾ ಮಾಡಿಸೋಣ’ ಎನ್ನುವುದು ಆ ನೋವಿನ ಮಾತು. ನೀವು ವಾದ ಮಾಡಬೇಡಿ. ಎರಡು ದಿನ ಬಂದು ಇರಲು ಹೇಳಿ. ಅಪ್ಪನೇ ಅವರ ಮುಖ ನೋಡಿಕೊಂಡು ಹೇಳಲಿ. ಸಾಧ್ಯವಾದರೆ ಡಾಕ್ಟರ ಹತ್ತಿರ ಅಪ್ಪನನ್ನು ಕರೆದುಕೊಂಡು ಹೋಗುವವರೂ ಅಣ್ಣನೇ ಆಗಿರಲಿ. ಪತ್ರದಲ್ಲಿ ಅವರ ಹೆಸರು ಇರಲಿ ಎಂದದ್ದು ಇದಕ್ಕೇ. ಹೆಸರು ಇದ್ದವರಿಗೆ ಅಪ್ಪನ ಮಾತು ಉಳಿಸುವ ಹೊಣೆ ಬರುತ್ತದೆ. ಐಸಿಯು ಬಾಗಿಲಲ್ಲಿ ಅಣ್ಣತಮ್ಮಂದಿರು ಜಗಳ ಆಡಿದರೆ ಪತ್ರ ಎಷ್ಟೇ ಗಟ್ಟಿ ಇದ್ದರೂ ಡಾಕ್ಟರು ಹಿಂದೆ ಸರಿಯುತ್ತಾರೆ. ಇದು ನಾನು ಕಂಡ ನಿಜ.

ಮೆಷಿನ್ ಬೇಡ ಎಂದ ಮಾತ್ರಕ್ಕೆ ಮಾಡುವ ಕೆಲಸ ಮುಗಿಯುವುದಿಲ್ಲ, ಬೇರೆ ಕೆಲಸ ಶುರು ಆಗುತ್ತದೆ. ಉಸಿರಿನ ಸಂಕಟಕ್ಕೆ ಕಡಿಮೆ ಪ್ರಮಾಣದ ಮಾರ್ಫಿನ್ ಕೊಡುತ್ತಾರೆ. ಡಾಕ್ಟರು ಅಳೆದು ಕೊಟ್ಟರೆ ಅದು ಸಾವನ್ನು ಹತ್ತಿರ ತರುವುದಿಲ್ಲ, ಸಂಕಟವನ್ನು ತಗ್ಗಿಸುತ್ತದೆ. ಮೊದಲು ಅದು ಸಿಗುವುದು ಬಹಳ ಕಷ್ಟ ಇತ್ತು. 2014ರಲ್ಲಿ ಮಾದಕ ವಸ್ತುಗಳ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಮಾನ್ಯತೆ ಇರುವ ಆಸ್ಪತ್ರೆಗಳು ಇಟ್ಟುಕೊಳ್ಳುವುದು ಸುಲಭ ಆಗಿದೆ. ನಿಮ್ಮ ಡಾಕ್ಟರಲ್ಲಿ ಉಪಶಮನ ಆರೈಕೆ, ಅಂದರೆ ಪ್ಯಾಲಿಯೇಟಿವ್ ಕೇರ್ ಬಗ್ಗೆ ಕೇಳಿ, ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಹಿಮ್ಸ್‌ನಲ್ಲೂ ವಿಚಾರಿಸಿ. ಮಂಚವನ್ನು ಕಿಟಕಿ ಪಕ್ಕ ಹಾಕಿ. ಮುಖಕ್ಕೆ ಗಾಳಿ ಬೀಸುವ ಹಾಗೆ ಸಣ್ಣ ಫ್ಯಾನ್ ಇಡಿ. ಇದು ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ, ಕೆನ್ನೆಗೆ ತಂಪು ಗಾಳಿ ತಾಗಿದರೆ ಉಸಿರಿನ ಸಂಕಟ ನಿಜವಾಗಿಯೂ ಇಳಿಯುತ್ತದೆ. ಅಂದ ಹಾಗೆ, ಗಾಬರಿಯಲ್ಲಿ ಆಕ್ಸಿಜನ್ ಮೆಷಿನ್‌ನ ಗುಂಡಿ ತಿರುಗಿಸಿ ಜಾಸ್ತಿ ಮಾಡಬೇಡಿ. ಈ ಕಾಯಿಲೆಯಲ್ಲಿ ಹೆಚ್ಚು ಆಕ್ಸಿಜನ್ ಕೊಟ್ಟರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಬರುತ್ತದೆ. ಡಾಕ್ಟರು ಹೇಳಿದ ಅಳತೆಯಲ್ಲೇ ಇರಲಿ.

ಕೊನೆಯ ದಿನಗಳಲ್ಲಿ ಅಪ್ಪ ಊಟ ಬಿಡುತ್ತಾರೆ. ಮನೆಯವರಿಗೆ ಇದು ಎಲ್ಲಕ್ಕಿಂತ ಕಷ್ಟ. ಹೊಟ್ಟೆಗಿಲ್ಲದೆ ಕಳಿಸಿದೆವಲ್ಲ ಎಂದು ಅವ್ವಂದಿರು ಅಳುತ್ತಾರೆ. ಊಟ ಬಿಟ್ಟದ್ದಕ್ಕೆ ಜೀವ ಹೋಗುತ್ತಿರುವುದಲ್ಲ. ಜೀವ ಹೋಗುತ್ತಿರುವುದಕ್ಕೆ ದೇಹ ಊಟ ಕೇಳುತ್ತಿಲ್ಲ. ಆಗ ಬಲವಂತವಾಗಿ ಗಂಜಿ ಹಾಕಿದರೆ ಶ್ವಾಸಕೋಶಕ್ಕೆ ಹೋಗುತ್ತದೆ, ಡ್ರಿಪ್ ಹಾಕಿದರೆ ಎದೆಯಲ್ಲಿ ನೀರು ತುಂಬಬಹುದು. ಮೆತ್ತನೆ ಬಟ್ಟೆ ಒದ್ದೆ ಮಾಡಿ ತುಟಿ ಒರೆಸಿ, ನಾಲಿಗೆಗೆ ಹನಿ ನೀರು ತಾಗಿಸಿ. ಅಪ್ಪನಿಗೆ ಕಾಫಿ ಇಷ್ಟವಾಗಿದ್ದರೆ ಬಟ್ಟೆಯ ತುದಿಯನ್ನು ಕಾಫಿಯಲ್ಲೇ ಅದ್ದಿ.

ನಿಮ್ಮ ಕೊನೆಯ ಪ್ರಶ್ನೆ. ಗೊತ್ತಿರುವ ಕಾಯಿಲೆಯಿಂದ ಮನೆಯಲ್ಲಿ ಸಹಜವಾಗಿ ಜೀವ ಹೋದರೆ ಪೊಲೀಸರೂ ಬೇಡ, ಪೋಸ್ಟ್‌ಮಾರ್ಟಂ ಕೂಡ ಬೇಡ. ನೋಡುತ್ತಿದ್ದ ಡಾಕ್ಟರು ಸಾವಿನ ಕಾರಣ ಬರೆದುಕೊಡುತ್ತಾರೆ. ಹೀಗೆ ಆಗಬಹುದು, ರಾತ್ರಿ ಕರೆದರೆ ಬರುತ್ತೀರಾ ಎಂದು ಅವರನ್ನು ಮೊದಲೇ ಕೇಳಿಟ್ಟುಕೊಳ್ಳಿ, ಫೋನ್ ನಂಬರ್ ಗೋಡೆಯ ಮೇಲೆ ಬರೆದಿಡಿ. ಆಸ್ಪತ್ರೆಯ ರಿಪೋರ್ಟುಗಳು, ಪತ್ರದ ಪ್ರತಿ, ಅಪ್ಪನ ಆಧಾರ್ ಒಂದೇ ಫೈಲಿನಲ್ಲಿರಲಿ. ಆಮೇಲೆ 21 ದಿನದೊಳಗೆ ಮರಣ ನೋಂದಣಿ ಮಾಡಿಸಿ. ಆ ಅವಧಿಯೊಳಗೆ ಮಾಡಿಸಿದರೆ ತಡವಾದ ಶುಲ್ಕವಾಗಲಿ, ಅಫಿಡವಿಟ್ ಆಗಲಿ ಬೇಕಾಗುವುದಿಲ್ಲ.